ಘೋಷಣೆ ಬೇರೆ, ಲೆಕ್ಕ ಬೇರೆ: ನೈನರ್ಸ್ ಪ್ಲೇಆಫ್ ಅಂದಾಜಿನಿಂದ ಆರ್‌ಸಿಬಿ ಅಭಿಮಾನಿ ಕಲಿಯಬಹುದಾದದ್ದು

ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ, ಲೀವೈಸ್ ಸ್ಟೇಡಿಯಂ ಪಕ್ಕದ ಮೈದಾನದಲ್ಲಿ, ಅಮೆರಿಕನ್ ಫುಟ್‌ಬಾಲ್ ಆಡುವ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ (ಚಿಕ್ಕದಾಗಿ ನೈನರ್ಸ್) ತಂಡದ ಶಿಬಿರ ಶುರುವಾಗುತ್ತದೆ. ಅಲ್ಲಿಂದ ಸೆಪ್ಟೆಂಬರಿನ ಮೊದಲ ಪಂದ್ಯದವರೆಗೆ ಈ ಕಡೆಯ ರೇಡಿಯೊ, ಪತ್ರಿಕೆ, ಪಾಡ್‌ಕಾಸ್ಟ್ ಎಲ್ಲದರಲ್ಲೂ ಒಂದೇ ಚರ್ಚೆ: ನೈನರ್ಸ್ ಈ ಸಲ ಪ್ಲೇಆಫ್‌ಗೆ ಹೋಗುತ್ತದೋ ಇಲ್ಲವೋ. ಸನ್ನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಈ ಚರ್ಚೆ ಬಂದು ಬಹಳ ಕಾಲವಾಯಿತು. ಮಾರ್ಚ್‌ನಿಂದ ಮೇ ತನಕ ಆರ್‌ಸಿಬಿಯ ಕೆಂಪು ಅಂಗಿ, ಸೆಪ್ಟೆಂಬರ್‌ನಿಂದ ಜನವರಿ ತನಕ ನೈನರ್ಸ್‌ನ ಕೆಂಪು ಅಂಗಿ. ಎರಡನ್ನೂ ಮನಸ್ಸಿಟ್ಟು ನೋಡುವವರಿಗೆ ಎರಡು ಊರಿನವರು ಭವಿಷ್ಯ ಹೇಳುವ ರೀತಿಯ ವ್ಯತ್ಯಾಸವೂ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ರೀತಿ ‘ಈ ಸಲ ಕಪ್ ನಮ್ದೆ’. ಅದನ್ನು ನಾನು ಸಂಕಲ್ಪ ಎಂದೇ ತಿಳಿಯುತ್ತೇನೆ. 2009, 2011, 2016ರ ಮೂರು ಫೈನಲ್ ಸೋತರೂ ಜನ ಆ ಮಾತು ಬಿಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ಎದುರು 6 ರನ್‌ಗಳಿಂದ ಗೆದ್ದಾಗ ಅದು ಕೈಗೂಡಿತು. ಆ ಮಾತಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದೇ ಧಾಟಿಯನ್ನು ವಿಶ್ಲೇಷಣೆಗೂ ಹಚ್ಚುವುದರ ಬಗ್ಗೆ. ಹರಾಜು ಮುಗಿದ ರಾತ್ರಿಯೇ ‘ಬೌಲಿಂಗ್ ಗಟ್ಟಿಯಾಗಿದೆ, ಪ್ಲೇಆಫ್ ಖಚಿತ’ ಎನ್ನುತ್ತಾರೆ. ಖಚಿತ ಎಂದರೆ ನೂರಕ್ಕೆ ನೂರೋ, ಎಪ್ಪತ್ತೋ, ಐವತ್ತೈದೋ? ಹೇಳಿದವರಿಗೂ ತಿಳಿದಿರುವುದಿಲ್ಲ, ಕೇಳಿದವರೂ ವಿಚಾರಿಸುವುದಿಲ್ಲ. ಅಮೆರಿಕದವರು ಕನಿಷ್ಠ ಒಂದು ಸಂಖ್ಯೆ ಹೇಳುತ್ತಾರೆ: ಇಷ್ಟು ಗೆಲುವು, ಪ್ಲೇಆಫ್‌ಗೆ ಶೇಕಡಾ ಇಷ್ಟು. ಹಾಗೆಂದು ಇಲ್ಲಿನ ಸಂಖ್ಯೆಗಳೆಲ್ಲ ಸರಿಯಾದ ದಾರಿಯಲ್ಲಿ ಬಂದವಲ್ಲ. ಬಹಳಷ್ಟು ಸಲ ಆಸೆಯನ್ನೇ ಅಂಕಿಯಾಗಿ ಬರೆದಿರುತ್ತಾರೆ. ಘೋಷಣೆಯನ್ನು ನಮ್ಮ ರೀತಿಯಲ್ಲೇ ಕೂಗೋಣ, ಲೆಕ್ಕವನ್ನು ಇಲ್ಲಿಂದ ಕಲಿಯೋಣ, ಆದರೆ ಸರಿಯಾಗಿ ಮಾಡಿದ ಲೆಕ್ಕವನ್ನು ಕಲಿಯೋಣ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಶುರುವಾಗಬೇಕಾದ್ದು ತಂಡದ ಹೆಸರಿನಿಂದಲ್ಲ, ಒಟ್ಟು ಜಾಗಗಳಿಂದ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು, ಎನ್‌ಎಫ್‌ಸಿ ಮತ್ತು ಎಎಫ್‌ಸಿ ಎಂಬ ಎರಡು ಕಾನ್ಫರೆನ್ಸ್ (ಗುಂಪು), ಒಂದೊಂದರಲ್ಲಿ ನಾಲ್ಕು ನಾಲ್ಕು ತಂಡಗಳ ನಾಲ್ಕು ಡಿವಿಜನ್. 2020ರಿಂದ ಒಂದೊಂದು ಕಾನ್ಫರೆನ್ಸ್‌ನಿಂದ 7 ತಂಡ, ಒಟ್ಟು 14 ತಂಡ ಪ್ಲೇಆಫ್‌ಗೆ ಹೋಗುತ್ತವೆ: ನಾಲ್ಕು ಡಿವಿಜನ್ ವಿಜೇತರು, ಉಳಿದವರಲ್ಲಿ ಉತ್ತಮ ಮೂವರು. ಅಂದರೆ ಯಾವ ತಂಡ ಎಂದು ಗೊತ್ತಿಲ್ಲದೆಯೇ ಹೇಳಬಹುದಾದ ಸಂಭವ ಶೇ 43.75. ಐಪಿಎಲ್‌ನಲ್ಲಿ 2022ರಿಂದ 10 ತಂಡ, 4 ಜಾಗ: ಶೇ 40. ಎರಡು ಆಟಗಳ ನಡುವೆ ಭೂಮಿ–ಆಕಾಶದ ಅಂತರವಿದ್ದರೂ ಬಾಗಿಲಿನ ಅಗಲ ಹೆಚ್ಚುಕಡಿಮೆ ಒಂದೇ. ನೈನರ್ಸ್‌ಗೆ ಶೇ 80 ಎನ್ನುವವರು ‘ಸಾಮಾನ್ಯ ತಂಡಕ್ಕಿಂತ ಶೇ 36 ಹೆಚ್ಚು ಏಕೆ’ ಎಂಬುದಕ್ಕೆ ಕಾರಣ ಕೊಡಬೇಕು. ಹಾಗೆ ಕೇಳಿಕೊಂಡರೆ ಸಾಕು, ಅರ್ಧಕ್ಕರ್ಧ ಉತ್ಸಾಹ ತಾನಾಗಿ ಒಂದು ಅಳತೆಗೆ ಬರುತ್ತದೆ.

ಇಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. 1990ರಿಂದ ಈಚೆಗೆ ಪ್ರತಿ ಸೀಸನ್‌ನಲ್ಲೂ ಹಿಂದಿನ ವರ್ಷ ಪ್ಲೇಆಫ್ ತಪ್ಪಿಸಿಕೊಂಡಿದ್ದ ತಂಡಗಳಲ್ಲಿ ಕನಿಷ್ಠ ನಾಲ್ಕು ಒಳಗೆ ಬಂದಿವೆ. ಸಂಬಳಕ್ಕೆ ಮಿತಿ ಇದೆ (2025ರಲ್ಲಿ ತಂಡಕ್ಕೆ 27 ಕೋಟಿ 92 ಲಕ್ಷ ಡಾಲರ್), ಹೊಸ ಆಟಗಾರರ ಆಯ್ಕೆಯಲ್ಲಿ ಕೊನೆಯ ತಂಡಕ್ಕೆ ಮೊದಲ ಸರದಿ. ಬಲಶಾಲಿಯನ್ನು ಕೆಳಕ್ಕೂ ದುರ್ಬಲನನ್ನು ಮೇಲಕ್ಕೂ ಎಳೆಯುವಂತೆಯೇ ಈ ಲೀಗನ್ನು ಕಟ್ಟಿದ್ದಾರೆ. ಇದಕ್ಕೆ ದೊಡ್ಡ ಸಾಕ್ಷಿ ಲೀವೈಸ್ ಸ್ಟೇಡಿಯಂನಲ್ಲೇ ಸಿಕ್ಕಿತು. 2026ರ ಫೆಬ್ರವರಿ 8ರಂದು ಅಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಆಡಿದ ಸಿಯಾಟಲ್ ಸೀಹಾಕ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎರಡೂ 2024ರ ಸೀಸನ್‌ನಲ್ಲಿ ಪ್ಲೇಆಫ್‌ಗೇ ಬಂದಿರಲಿಲ್ಲ. ಪೇಟ್ರಿಯಟ್ಸ್ ಆ ವರ್ಷ 17ರಲ್ಲಿ ಗೆದ್ದದ್ದು 4. ಸೀಹಾಕ್ಸ್ 29–13ರಿಂದ ಚಾಂಪಿಯನ್ ಆಯಿತು.

ಎಷ್ಟು ಗೆದ್ದರೆ ಒಳಗೆ? ಇದಕ್ಕೂ ಗಟ್ಟಿ ಗೆರೆ ಇಲ್ಲ. ಸೀಹಾಕ್ಸ್‌ನ ಮೂರು ವರ್ಷ ನೋಡಿ: 2022ರಲ್ಲಿ 9 ಗೆದ್ದು 8 ಸೋತು ಒಳಗೆ, 2023ರಲ್ಲಿ ಅದೇ 9–8ಕ್ಕೆ ಹೊರಗೆ, 2024ರಲ್ಲಿ 10–7 ಮಾಡಿಯೂ ಹೊರಗೆ. 2024ರಲ್ಲಿ ಲಾಸ್ ಏಂಜಲಿಸ್ ರಾಮ್ಸ್ ಕೂಡ 10–7. ಇಬ್ಬರೂ ಸಮ ಬಂದಾಗ ಮೊದಲು ಪರಸ್ಪರ ಪಂದ್ಯ, ಆಮೇಲೆ ಡಿವಿಜನ್ ಒಳಗಿನ ಸಾಧನೆ, ಆಮೇಲೆ ಇಬ್ಬರಿಗೂ ಸಮಾನವಾದ ಎದುರಾಳಿಗಳು, ಆಮೇಲೆ ಕಾನ್ಫರೆನ್ಸ್ ಸಾಧನೆ, ಅದೂ ಸಮವಾದರೆ ಸೋಲಿಸಿದ ತಂಡಗಳ ಒಟ್ಟು ಗೆಲುವು. ಆ ಕೊನೆಯ ಮೆಟ್ಟಿಲಲ್ಲಿ ರಾಮ್ಸ್ ಡಿವಿಜನ್ ಗೆದ್ದಿತು, ಸೀಹಾಕ್ಸ್ ಮನೆಗೆ ಹೋಯಿತು. ನಮಗೆ ಇದು ಹೊಸದೇನಲ್ಲ. ಆರ್‌ಸಿಬಿ 2023ರಲ್ಲಿ 14 ಅಂಕಕ್ಕೆ ಆರನೇ ಸ್ಥಾನ, 2024ರಲ್ಲಿ ಅದೇ 14 ಅಂಕಕ್ಕೆ ನೆಟ್ ರನ್‌ರೇಟ್ ಮೇಲೆ ನಾಲ್ಕನೇ ಸ್ಥಾನ. ಆದ್ದರಿಂದ ‘10 ಗೆದ್ದರೆ ಒಳಗೆ’ ಎನ್ನುವ ಬದಲು 10ಕ್ಕೆ ಬಹುತೇಕ ಹೌದು, 9ಕ್ಕೆ ಅರ್ಧಂಬರ್ಧ, 8ಕ್ಕೆ ಬಹಳ ಕಷ್ಟ ಎಂದು ಬರೆದುಕೊಳ್ಳುವುದು ಒಳ್ಳೆಯದು.

ಈಗ ಇಲ್ಲಿನವರು ಮಾಡುವ ದೊಡ್ಡ ತಪ್ಪಿಗೆ ಬರುತ್ತೇನೆ. ಮೇ ತಿಂಗಳಲ್ಲಿ ವೇಳಾಪಟ್ಟಿ ಬಂದ ಕೂಡಲೆ ಅಭಿಮಾನಿಗಳು, ಎಷ್ಟೋ ವೃತ್ತಿನಿರತ ವಿಶ್ಲೇಷಕರೂ, 17 ಪಂದ್ಯಗಳ ಮುಂದೆ ಗೆಲುವು, ಸೋಲು ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ಕೊನೆಗೆ ಕೂಡಿದಾಗ 13–4 ಬರುತ್ತದೆ. ಎಡವಟ್ಟು ಎಲ್ಲಿದೆ ಎಂದರೆ, ಶೇ 60 ಗೆಲ್ಲಬಹುದಾದ ಪಂದ್ಯಕ್ಕೆ ‘ಗೆಲುವು’ ಎಂದು ಪೂರ್ತಿ ಒಂದು ಅಂಕ ಬರೆಯುತ್ತಾರೆ, ಉಳಿದ ಶೇ 40 ಕಾಗದದಿಂದ ಮಾಯವಾಗುತ್ತದೆ. ಹದಿನೇಳೂ ಪಂದ್ಯ ಶೇ 60ರವೇ ಆಗಿದ್ದರೆ ಗುರುತು ಹಾಕುವ ರೀತಿಯಲ್ಲಿ 17–0 ಬರುತ್ತದೆ. ನಿಜವಾಗಿ ಬರಬೇಕಾದದ್ದು 17 × 0.6, ಅಂದರೆ 10.2. ಆದ್ದರಿಂದ ಪಂದ್ಯಕ್ಕೊಂದು ಶೇಕಡಾವಾರು ಬರೆದು ಅದನ್ನೇ ಕೂಡಬೇಕು.

ಅಷ್ಟಕ್ಕೇ ನಿಲ್ಲಬಾರದು. 10.2 ಎಂಬುದು ನಡುವಿನ ಗೂಟ, ಅದರ ಆಚೀಚೆ ಎಷ್ಟು ಹರಡುತ್ತದೆ ಎಂಬುದೂ ಬೇಕು. 17 × 0.6 × 0.4 = 4.08, ಅದರ ವರ್ಗಮೂಲ ಸುಮಾರು 2. ತಂಡದ ಬಲ ಒಂದಿಷ್ಟೂ ಬದಲಾಗದೆ, ಯಾರಿಗೂ ಪೆಟ್ಟಾಗದೆ, ಬರೀ ಅದೃಷ್ಟದಿಂದಲೇ ಗೆಲುವು ಎರಡು ಹೆಚ್ಚು ಅಥವಾ ಎರಡು ಕಡಿಮೆ ಆಗುವುದು ಸಹಜ ಎಂದರ್ಥ. ಪ್ರತಿ ಪಂದ್ಯವನ್ನೂ ಶೇ 60 ಗೆಲ್ಲಬಲ್ಲ ಒಳ್ಳೆಯ ತಂಡ 10 ಅಥವಾ ಹೆಚ್ಚು ಗೆಲ್ಲುವ ಸಂಭವ ಶೇ 64. 8 ಅಥವಾ ಕಡಿಮೆಗೆ ನಿಲ್ಲುವುದು ಐದು ಸೀಸನ್‌ಗೊಂದು. ಐಪಿಎಲ್‌ಗೂ ಇದನ್ನೇ ಹಾಕಿ ನೋಡಿ: ಪಂದ್ಯಕ್ಕೆ ಶೇ 55ರ ತಂಡ 14ರಲ್ಲಿ ಸರಾಸರಿ 7.7 ಗೆಲ್ಲುತ್ತದೆ, 8 ಅಥವಾ ಹೆಚ್ಚು ಗೆಲ್ಲುವ ಸಂಭವ ಶೇ 55ರ ಆಸುಪಾಸು. ಇತರರಿಗಿಂತ ಸ್ಪಷ್ಟವಾಗಿ ಮೇಲಿರುವ ತಂಡಕ್ಕೇ 16 ಅಂಕ ಅಷ್ಟು ದೂರ. ನಮ್ಮಲ್ಲಿ ಒಂದು ಸೀಸನ್ ಕೈಕೊಟ್ಟರೆ ನಾಯಕನನ್ನು ಬದಲಿಸಿ ಎಂದು ಕೂಗುವವರು ಈ ಎರಡು ಸಾಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಅದೃಷ್ಟ ಒಂದೇ ಎಲ್ಲವನ್ನೂ ವಿವರಿಸುವುದಿಲ್ಲ, ಅದಕ್ಕೆ 2024ರ ನೈನರ್ಸೇ ಉದಾಹರಣೆ. ಹಿಂದಿನ ಸೀಸನ್‌ನಲ್ಲಿ 12–5, ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಎದುರು ಹೆಚ್ಚುವರಿ ಸಮಯದಲ್ಲಿ 25–22ರ ಸೋಲು. 2024ರ ಆಗಸ್ಟ್‌ನಲ್ಲಿ ಬೆಟ್ಟಿಂಗ್ ಮಾರುಕಟ್ಟೆಯ ಅಂದಾಜು 11.5 ಗೆಲುವು. ಬಂದದ್ದು 6–11. ಅಂದಾಜಿಗಿಂತ 5.5 ಕಡಿಮೆ, ಅಂದರೆ ಬರೀ ಅದೃಷ್ಟದ ಅಳತೆಯಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಆಚೆ. ನಡೆದದ್ದೇನು? ಓಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ ಹಿಮ್ಮಡಿಯ ಅಕಿಲೀಸ್ ನೋವಿನಿಂದ ಮೊದಲ 8 ಪಂದ್ಯ ಆಡಲಿಲ್ಲ. ಮರಳಿ 4 ಪಂದ್ಯ ಆಡುವಷ್ಟರಲ್ಲಿ ಮಂಡಿಗೆ ಪೆಟ್ಟು, ಸೀಸನ್ ಮುಗಿಯಿತು. ಎಸೆದ ಚೆಂಡು ಹಿಡಿಯುವ ಬ್ರ್ಯಾಂಡನ್ ಐಯುಕ್ ಏಳನೇ ವಾರ ಚೀಫ್ಸ್ ಎದುರು ಮಂಡಿಯ ಎಸಿಎಲ್ ಎಂಬ ಕಟ್ಟುನಾರು ಹರಿದುಕೊಂಡರು. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವ ಲೆಫ್ಟ್ ಟ್ಯಾಕಲ್ ಟ್ರೆಂಟ್ ವಿಲಿಯಮ್ಸ್ ಆಡಿದ್ದು 10 ಪಂದ್ಯ ಮಾತ್ರ. ಬಲದ ಅಂದಾಜೇ ಅಲುಗಾಡಿತು. ಆದ್ದರಿಂದ ಅದೃಷ್ಟದ 2 ಗೆಲುವಿನ ಹರಡಿಕೆಯ ಜೊತೆಗೆ ಬಲದ ಅಂದಾಜಿಗೂ ಇನ್ನೊಂದು 2 ಗೆಲುವಿನಷ್ಟು ಹರಡಿಕೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಂದಾಜು. ಎರಡನ್ನೂ ನೇರವಾಗಿ ಕೂಡಿ 4 ಮಾಡಬಾರದು. ವರ್ಗಗಳನ್ನು ಕೂಡಿ ಮೂಲ ತೆಗೆದರೆ ಸುಮಾರು 2.8. ಆಗ 5.5ರ ಕುಸಿತ ಅಪರೂಪದ್ದೇ, ಆದರೆ ಊಹೆಗೆ ಮೀರಿದ್ದಲ್ಲ. ಇದೇ ತಂಡ 2019ರಲ್ಲಿ 13–3 ಮಾಡಿ 2020ರಲ್ಲಿ 6–10ಕ್ಕೆ ಇಳಿದಿತ್ತು. ಆ ವರ್ಷವೂ ರಕ್ಷಣೆಯ ಮುಖ್ಯ ಆಟಗಾರ ನಿಕ್ ಬೋಸಾ ಎರಡನೇ ಪಂದ್ಯದಲ್ಲೇ ಎಸಿಎಲ್ ಕಳೆದುಕೊಂಡಿದ್ದರು, ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೊ ಆಡಿದ್ದು 6 ಪಂದ್ಯ.

ಹಿಂದಿನ ವರ್ಷದ ಗೆಲುವು–ಸೋಲನ್ನೇ ತಂಡದ ಬಲ ಎಂದುಕೊಳ್ಳುವುದು ಎರಡೂ ಊರಿನವರು ಸಮನಾಗಿ ಮಾಡುವ ತಪ್ಪು. ಗೆಲುವಿಗಿಂತ ಗಳಿಸಿದ ಮತ್ತು ಬಿಟ್ಟುಕೊಟ್ಟ ಪಾಯಿಂಟ್‌ಗಳು ಮುಂದಿನ ವರ್ಷದ ಬಗ್ಗೆ ಹೆಚ್ಚು ಹೇಳುತ್ತವೆ. ಲೆಕ್ಕ ಸರಳ: ಗಳಿಸಿದ ಪಾಯಿಂಟ್ ಅನ್ನು 2.37ರ ಘಾತಕ್ಕೆ ಏರಿಸಿ, ಬಿಟ್ಟುಕೊಟ್ಟದ್ದನ್ನೂ ಹಾಗೆಯೇ ಏರಿಸಿ, ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ, 17ರಿಂದ ಗುಣಿಸಿ. ಮೊಬೈಲ್ ಕ್ಯಾಲ್ಕ್ಯುಲೇಟರ್ ಅಡ್ಡ ಹಿಡಿದರೆ ಘಾತದ ಗುಂಡಿ ಸಿಗುತ್ತದೆ. 2024ರ ನೈನರ್ಸ್ 389 ಗಳಿಸಿ 436 ಬಿಟ್ಟುಕೊಟ್ಟಿತು, ಉತ್ತರ 7.4 ಗೆಲುವು. ಅಂದರೆ 6–11ರ ತಂಡ ನಿಜಕ್ಕೂ ಏಳೂವರೆ ಗೆಲುವಿನ ಹತ್ತಿರದ್ದು.

ಉಲ್ಟಾ ಉದಾಹರಣೆ 2022ರ ಮಿನಿಸೋಟ ವೈಕಿಂಗ್ಸ್. 13–4 ಎಂಬ ಭರ್ಜರಿ ಸಾಧನೆ, ಆದರೆ ಗಳಿಸಿದ್ದು 424, ಬಿಟ್ಟುಕೊಟ್ಟದ್ದು 427! ಎಂಟು ಪಾಯಿಂಟ್ ಒಳಗಿನ ಅಂತರದ ಹನ್ನೊಂದು ಪಂದ್ಯಗಳನ್ನೂ ಆ ತಂಡ ಗೆದ್ದಿತ್ತು. ಹತ್ತಿರದ ಪಂದ್ಯ ಗೆಲ್ಲುವುದು ಒಂದು ಕಲೆ ಎಂದು ಆಗ ಬಹಳ ಮಂದಿ ವಾದಿಸಿದರು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ನ್ಯೂಯಾರ್ಕ್ ಜಯಂಟ್ಸ್ ಎದುರು 31–24ರ ಸೋಲು, ಮರುವರ್ಷ 7–10. ಮರುವರ್ಷ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅಕಿಲೀಸ್ ಹರಿದುಕೊಂಡರು ಎಂಬುದನ್ನೂ ಸೇರಿಸಿ ಹೇಳಬೇಕು, ಇಲ್ಲದಿದ್ದರೆ ಲೆಕ್ಕಕ್ಕೆ ಅದರ ಪಾಲಿಗಿಂತ ಹೆಚ್ಚು ಶ್ರೇಯಸ್ಸು ಕೊಟ್ಟಂತಾಗುತ್ತದೆ. ಕೈಜಾರಿ ಬಿದ್ದ ಚೆಂಡು ಯಾರ ಪಾಲಾಗುತ್ತದೆ ಎಂಬುದೂ ಇದೇ ಜಾತಿಯದು. ಉದ್ದ ದುಂಡನೆಯ ಆ ಚೆಂಡು ಎತ್ತ ಪುಟಿಯುತ್ತದೆ ಎಂದು ಯಾರೂ ಹೇಳಲಾರರು, ದೀರ್ಘ ಕಾಲದಲ್ಲಿ ಅದು ಅರ್ಧಕ್ಕರ್ಧವೇ. ಒಂದು ವರ್ಷ ಅದರಲ್ಲಿ ಭಾರಿ ಲಾಭ ಪಡೆದ ತಂಡಕ್ಕೆ ಮರುವರ್ಷವೂ ಅದನ್ನೇ ಬರೆದುಕೊಡಬಾರದು.

ಪಾಯಿಂಟ್ ಲೆಕ್ಕದಿಂದ ಬಂದ ಸಂಖ್ಯೆಯನ್ನು ನಡುವಿನ ಕಡೆಗೆ, ಎಂದರೆ 8.5ರ ಕಡೆಗೆ, ಮೂರರಲ್ಲಿ ಒಂದು ಪಾಲು ಎಳೆಯುವುದು ಇಲ್ಲಿ ಬಳಕೆಯಲ್ಲಿರುವ ಪದ್ಧತಿ. ಅಂಕಿಅಂಶಗಳ ಜಾಲತಾಣವಾಗಿದ್ದ ಫೈವ್‌ಥರ್ಟಿಎಯ್ಟ್‌ನವರ ರೇಟಿಂಗ್ ಕೂಡ ಸೀಸನ್‌ಗಳ ನಡುವೆ ಹೀಗೇ ಮೂರನೇ ಒಂದು ಪಾಲು ಸರಾಸರಿಯತ್ತ ಸರಿಯುತ್ತಿತ್ತು. 7.4 ಆಗ 7.8 ಆಗುತ್ತದೆ. ಇನ್ನು ಮೇಲೆ ಆ ವರ್ಷದ ಬದಲಾವಣೆಗಳನ್ನು ಸೇರಿಸಬೇಕು. 2025ಕ್ಕೆ ನನ್ನ ತೂಕಗಳು ಹೀಗೆ: ಮೆಕ್ಯಾಫ್ರಿ, ವಿಲಿಯಮ್ಸ್ ಮರಳುವುದಕ್ಕೆ ಒಂದೂವರೆ ಗೆಲುವು ಕೂಡು, ಹಗುರವಾದ ವೇಳಾಪಟ್ಟಿಗೆ 0.8 ಕೂಡು, ಡೀಬೊ ಸ್ಯಾಮ್ಯುಯಲ್, ಡ್ರೆ ಗ್ರೀನ್‌ಲಾ, ಟಲನೋವಾ ಹುಫಾಂಗಾ, ಶಾರ್ವೇರಿಯಸ್ ವಾರ್ಡ್ ಬಿಟ್ಟುಹೋದದ್ದಕ್ಕೆ 0.6 ಕಳೆ. ಬಂದದ್ದು 9.5. ಅದಕ್ಕೆ 2.8ರ ಹರಡಿಕೆ ಕಟ್ಟಿದರೆ ಪ್ಲೇಆಫ್ ಸಂಭವ ಶೇ 55ರ ಹತ್ತಿರ. ತಂಡ ಆಡಿದ್ದು 12–5. ಅಂದಾಜು 2.5 ಗೆಲುವು ಕಡಿಮೆ ಹೇಳಿತು, ಹರಡಿಕೆಯ ಒಳಗೇ ಇತ್ತು. ಈ ತೂಕಗಳನ್ನು ಬೇರೆಯವರು ಬೇರೆ ರೀತಿ ಇಡಬಹುದು, ಇಡಲಿ. ಯಾವ ಕಾರಣಕ್ಕೆ ಎಷ್ಟು ಕೂಡಿದೆ ಎಂದು ಬರೆದಿಟ್ಟರೆ ಮಾತ್ರ ಮುಂದಿನ ವರ್ಷ ಎಲ್ಲಿ ತಪ್ಪಾಯಿತು ಎಂದು ಹುಡುಕಲು ಸಾಧ್ಯ.

ವೇಳಾಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಐಪಿಎಲ್ ನೋಡಿ ಬಂದವರಿಗೆ ಇದು ವಿಚಿತ್ರ. 17ರಲ್ಲಿ 6 ಪಂದ್ಯ ತಮ್ಮ ಡಿವಿಜನ್‌ನ ಮೂವರ ಜೊತೆ ಎರಡೆರಡು ಸಲ. 4 ಪಂದ್ಯ ತಮ್ಮ ಕಾನ್ಫರೆನ್ಸ್‌ನ ಒಂದು ಡಿವಿಜನ್ ಜೊತೆ, 4 ಪಂದ್ಯ ಆಚೆಯ ಕಾನ್ಫರೆನ್ಸ್‌ನ ಒಂದು ಡಿವಿಜನ್ ಜೊತೆ. ಇವು ವರ್ಷ ವರ್ಷ ಸರದಿಯಲ್ಲಿ ಬದಲಾಗುತ್ತವೆ. ಉಳಿದ 3 ಪಂದ್ಯ ಮಾತ್ರ ಹಿಂದಿನ ವರ್ಷ ತಮ್ಮ ಡಿವಿಜನ್‌ನಲ್ಲಿ ಬಂದ ಸ್ಥಾನಕ್ಕೆ ತಕ್ಕಂತೆ: ನಾಲ್ಕನೆಯವರಿಗೆ ಬೇರೆ ಡಿವಿಜನ್‌ಗಳ ನಾಲ್ಕನೆಯವರು ಸಿಗುತ್ತಾರೆ. 2024ರಲ್ಲಿ ಕೊನೆಗೆ ಬಿದ್ದ ನೈನರ್ಸ್‌ಗೆ 2025ರಲ್ಲಿ ಸಿಕ್ಕವರು ಜಯಂಟ್ಸ್, ಬೇರ್ಸ್, ಬ್ರೌನ್ಸ್. ಮೂವರನ್ನೂ ಸೋಲಿಸಿತು.

ಆದರೆ ‘ಸುಲಭ ವೇಳಾಪಟ್ಟಿ’ ಎಂಬ ಮಾತಿನಲ್ಲೇ ಒಂದು ಬಲೆ ಇದೆ. ಟಿವಿಯಲ್ಲಿ ತೋರಿಸುವ ಸುಲಭ–ಕಠಿಣದ ಪಟ್ಟಿಯನ್ನು ಸಾಮಾನ್ಯವಾಗಿ ಎದುರಾಳಿಗಳ ಹಿಂದಿನ ವರ್ಷದ ಗೆಲುವು ಕೂಡಿ ಮಾಡಿರುತ್ತಾರೆ. ಆ ಲೆಕ್ಕದಲ್ಲಿ 5–12ರ ಶಿಕಾಗೊ ಬೇರ್ಸ್ ಸುಲಭದ ತುತ್ತು. 2025ರಲ್ಲಿ ಅದೇ ಬೇರ್ಸ್ ತನ್ನ ಡಿವಿಜನ್ ಗೆದ್ದಿತು, ನೈನರ್ಸ್ ಅದನ್ನು ಸೋಲಿಸಿದ್ದು 42–38ರಲ್ಲಿ, ಉಸಿರು ಬಿಗಿಹಿಡಿದು. ಎಎಫ್‌ಸಿ ಸೌತ್ ಡಿವಿಜನ್ ದುರ್ಬಲ ಎಂದಿದ್ದರು. 2024ರಲ್ಲಿ 4–13 ಆಗಿದ್ದ ಜಾಕ್ಸನ್‌ವಿಲ್ ಜಾಗ್ವಾರ್ಸ್ 2025ರಲ್ಲಿ 13–4. ನೈನರ್ಸ್ ಸೋತ ಐದು ಪಂದ್ಯಗಳಲ್ಲಿ ಎರಡು ಅದೇ ಡಿವಿಜನ್‌ನ ಜಾಗ್ವಾರ್ಸ್ ಮತ್ತು ಟೆಕ್ಸನ್ಸ್ ಎದುರು. ಎದುರಾಳಿಗಳ ಬಲವನ್ನೂ ನಮ್ಮ ತಂಡದ ಬಲದಂತೆಯೇ ಪಾಯಿಂಟ್ ಲೆಕ್ಕದಿಂದ ತೆಗೆದು, ನಡುವಿಗೆ ಎಳೆದು, ಆಮೇಲೆ ಹೋಲಿಸಬೇಕು. ಹಾಗೆ ಮಾಡಿದರೆ ಅತಿ ಸುಲಭ ಮತ್ತು ಅತಿ ಕಠಿಣ ವೇಳಾಪಟ್ಟಿಗಳ ನಡುವಿನ ಅಂತರ ಪತ್ರಿಕೆಗಳು ಬರೆಯುವುದಕ್ಕಿಂತ ಬಹಳ ಕಡಿಮೆ.

2025ರ ನೈನರ್ಸ್‌ನಿಂದ ಕಲಿಯಬೇಕಾದ ಮುಖ್ಯ ಸಂಗತಿ ಮಾತ್ರ ವೇಳಾಪಟ್ಟಿಯದಲ್ಲ, ಎರಡನೇ ಸಾಲಿನ ಆಟಗಾರರದು. ಆ ವರ್ಷ ಪೆಟ್ಟುಗಳೇನೂ ಕಡಿಮೆ ಇರಲಿಲ್ಲ. ಬೋಸಾ ಮೂರನೇ ಪಂದ್ಯದಲ್ಲಿ ಮಂಡಿ ಕಳೆದುಕೊಂಡರು. ರಕ್ಷಣೆಯ ನಾಯಕ ಫ್ರೆಡ್ ವಾರ್ನರ್ ಆರನೇ ಪಂದ್ಯದಲ್ಲಿ ಕಾಲಿನ ಗಿಣ್ಣು ಮುರಿದುಕೊಂಡರು. ಆ ಬೇಸಿಗೆಯಲ್ಲಷ್ಟೇ 5 ವರ್ಷಕ್ಕೆ 26 ಕೋಟಿ 50 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡಿದ್ದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಕಾಲ್ಬೆರಳಿನ ಪೆಟ್ಟಿನಿಂದ 8 ಪಂದ್ಯ ಹೊರಗೆ ಕೂತರು. 2024ರ ಪಾಠ ಕಂಠಪಾಠ ಮಾಡಿದವರು ಅಲ್ಲಿಗೇ ಕೈಚೆಲ್ಲಿದ್ದರು. ಆದರೆ ಬದಲಿ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಆ 8ರಲ್ಲಿ 5 ಗೆದ್ದುಕೊಟ್ಟರು. ಪರ್ಡಿ ಆಡಿದ 9ರಲ್ಲಿ ಗೆಲುವು 7. ಮಾರ್ಚ್ ತಿಂಗಳಲ್ಲಿ ಜೋನ್ಸ್ ಸೇರಿದಾಗ ಅದು ಪತ್ರಿಕೆಯ ಮೂಲೆಯ ಸುದ್ದಿ. ತಂಡದಲ್ಲಿ 53 ಜನ ಇರುತ್ತಾರೆ, ಮುನ್ಸೂಚನೆ ಬರೆಯುವವರು ಮೊದಲ ಸಾಲಿನ 22 ಜನರ ಹೆಸರು ನೋಡಿ ಮುಗಿಸುತ್ತಾರೆ. ನನ್ನ ಪ್ರಕಾರ ಬದಲಿ ಕ್ವಾರ್ಟರ್‌ಬ್ಯಾಕ್, ಮೂರನೇ ಟ್ಯಾಕಲ್, ಎದುರಾಳಿಯ ಎಸೆತ ತಡೆಯುವ ನಾಲ್ಕನೇ ಕಾರ್ನರ್‌ಬ್ಯಾಕ್ ಈ ಮೂವರ ಹೆಸರು ನೋಡದೆ ಯಾವ ಅಂದಾಜನ್ನೂ ಬರೆಯಬಾರದು. ಆರ್‌ಸಿಬಿಯ ಚರ್ಚೆಯಲ್ಲೂ ಹನ್ನೊಂದರ ಪಟ್ಟಿ ಮಾಡಿ ಮುಗಿಸುವ ಚಾಳಿ ಹಾಗೇ ಇದೆ. ಹದಿನಾಲ್ಕು ಪಂದ್ಯಗಳಿಗೆ ಹನ್ನೊಂದೇ ಜನ ಸಾಕಾಗುವುದಿಲ್ಲ; ಮುಖ್ಯ ವೇಗಿ ಮೂರು ಪಂದ್ಯ ತಪ್ಪಿಸಿಕೊಂಡರೆ ಹದಿನೇಳನೇ ಓವರ್ ಹಾಕುವವರಾರು ಎಂಬ ಪ್ರಶ್ನೆಗೆ ಉತ್ತರ ಇರಬೇಕು.

ಆಗಸ್ಟ್‌ನ ಅಭ್ಯಾಸ ಪಂದ್ಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಖ್ಯ ಆಟಗಾರರು ಹೆಚ್ಚು ಹೊತ್ತು ಆಡುವುದೇ ಇಲ್ಲ. 2008ರ ಡೆಟ್ರಾಯ್ಟ್ ಲಯನ್ಸ್ ಮತ್ತು 2017ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎರಡೂ ಅಭ್ಯಾಸ ಪಂದ್ಯ ನಾಲ್ಕಕ್ಕೆ ನಾಲ್ಕು ಗೆದ್ದು, ಸೀಸನ್‌ನಲ್ಲಿ 16ಕ್ಕೆ 16 ಸೋತವು.

ಬೆಟ್ಟಿಂಗ್ ಮಾರುಕಟ್ಟೆಯ ಸಂಖ್ಯೆ ಓದುವುದು ಗೊತ್ತಿರಬೇಕು, ಹಣ ಕಟ್ಟುವುದಕ್ಕಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬಾಹಿರ. 2022ರ ನವೆಂಬರ್‌ನಲ್ಲಿ ಅದಕ್ಕೆ ದಾರಿ ಮಾಡುವ ಎರಡು ಪ್ರಸ್ತಾವಗಳನ್ನು ಮತದಾರರು ತಿರಸ್ಕರಿಸಿದರು. ಆದರೂ ಆ ಸಂಖ್ಯೆಯಲ್ಲಿ ಬಹಳ ಜನರ ಲೆಕ್ಕ ಸೇರಿರುವುದರಿಂದ ನಮ್ಮ ಅಂದಾಜನ್ನು ಅದರ ಪಕ್ಕ ಇಟ್ಟು ನೋಡುವುದು ಲಾಭ. ಪ್ಲೇಆಫ್‌ಗೆ ‘ಹೌದು’ ಮೈನಸ್ 150 (100 ಲಾಭಕ್ಕೆ 150 ಕಟ್ಟಬೇಕು), ‘ಇಲ್ಲ’ ಪ್ಲಸ್ 130 (100 ಕಟ್ಟಿದರೆ 130 ಲಾಭ) ಎಂದಿದ್ದರೆ, ಮೊದಲನೆಯದು 150ನ್ನು 250ರಿಂದ ಭಾಗಿಸಿ ಶೇ 60, ಎರಡನೆಯದು 100ನ್ನು 230ರಿಂದ ಭಾಗಿಸಿ ಶೇ 43.5. ಕೂಡಿದರೆ 103.5. ಹೆಚ್ಚಿನ 3.5 ಕಂಪನಿಯ ಲಾಭ. 60ನ್ನು 103.5ರಿಂದ ಭಾಗಿಸಿದರೆ ನಿಜವಾದ ಸಂಭವ ಶೇ 58. ಈ ಕೊನೆಯ ಹೆಜ್ಜೆ ಬಿಟ್ಟು ಶೇ 60 ಎಂದೇ ಬರೆಯುವವರು ಎಲ್ಲ ತಂಡಗಳಿಗೂ ಸ್ವಲ್ಪ ಸ್ವಲ್ಪ ಹೆಚ್ಚು ಕೊಟ್ಟಿರುತ್ತಾರೆ.

ಷರತ್ತು ಹಾಕಿ ಭವಿಷ್ಯ ಹೇಳುವುದು ನಮಗೆ ತಿಳಿಯದ ವಿದ್ಯೆ ಏನಲ್ಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದ ನಮ್ಮ ರೈತ ಬೆಳೆ ಖಚಿತ ಎನ್ನಲಿಲ್ಲ, ಬಂದರೆ ಎಂದ. ನೈನರ್ಸ್ ಬಗ್ಗೆಯೂ ಹಾಗೆಯೇ ಹೇಳಬೇಕು: ಕ್ವಾರ್ಟರ್‌ಬ್ಯಾಕ್ 14 ಪಂದ್ಯ ಆಡಿದರೆ ಶೇ 70, 8 ಆಡಿದರೆ ಶೇ 45. ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಒಂದು ಅಂಕ ಸೂಚಿಸಿದರು. ಅದೇ ಆಟಕ್ಕೂ ಒದಗುತ್ತದೆ. ಹೇಳಿದ ಸಂಭವಕ್ಕೂ ನಡೆದದ್ದಕ್ಕೂ ಇರುವ ಅಂತರದ ವರ್ಗ ತೆಗೆಯಿರಿ. ಶೇ 70 ಎಂದು, ತಂಡ ಒಳಗೆ ಹೋದರೆ 0.3ರ ವರ್ಗ 0.09, ಹೋಗದಿದ್ದರೆ 0.7ರ ವರ್ಗ 0.49. ಖಚಿತ ಎಂದು ತಪ್ಪಿದರೆ ಪೂರ್ತಿ 1. ಕಡಿಮೆ ಬಂದಷ್ಟೂ ಒಳ್ಳೆಯದು. ಏನೂ ಯೋಚಿಸದೆ 32 ತಂಡಗಳಿಗೂ ಶೇ 43.75 ಎಂದು ಬರೆದರೂ ಸರಾಸರಿ 0.246 ಬರುತ್ತದೆ. ಟಿವಿಯ ಪಂಡಿತರಿರಲಿ, ಕನ್ನಡ ಕೂಟದ ಗೆಳೆಯರಿರಲಿ, ಆ 0.246ಕ್ಕಿಂತ ಕೆಳಗೆ ಬಾರದವರ ಅಂದಾಜಿನಿಂದ ನಮಗೆ ಸಿಕ್ಕಿದ್ದು ಏನೂ ಇಲ್ಲ.

ಈ ಅಳತೆಯನ್ನು ಒಂದೇ ಒಂದು ಘಟನೆಗೆ ಹಚ್ಚಿ ತೀರ್ಪು ಕೊಡಬಾರದು, ನಮ್ಮವರು ಎಡವುವುದು ಅಲ್ಲೇ. 2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ 8ರಲ್ಲಿ ಗೆದ್ದದ್ದು 1. ಉಳಿದ 6ನ್ನೂ ಗೆಲ್ಲಬೇಕಿತ್ತು. ಪಂದ್ಯಕ್ಕೆ ಅರ್ಧ ಸಂಭವ ಎಂದರೆ 64ರಲ್ಲಿ 1, ಶೇ 1.6. ಅದಾದ ಮೇಲೂ ಮೇ 18ರಂದು ಚೆನ್ನೈ ಎದುರು ಕನಿಷ್ಠ 18 ರನ್ ಅಂತರ ಬೇಕಿತ್ತು. ಆರ್‌ಸಿಬಿ 218 ಹೊಡೆದು 27 ರನ್‌ಗಳಿಂದ ಗೆದ್ದಿತು, ಪ್ಲೇಆಫ್‌ಗೆ ಹೋಯಿತು. ಏಪ್ರಿಲ್‌ನಲ್ಲಿ ‘ಶೇ 2’ ಎಂದಿದ್ದವರಿಗೆಲ್ಲ ಆ ರಾತ್ರಿ ಬೈಗುಳ. ಆದರೆ ಶೇ 2 ಎಂದವರು ಆಗುವುದೇ ಇಲ್ಲ ಎಂದಿರಲಿಲ್ಲ. ಐವತ್ತು ಸಲದಲ್ಲಿ ಒಂದು ಸಲ ಆಗುತ್ತದೆ ಎಂದಿದ್ದರು. ಆ ಒಂದು ಸಲವನ್ನು ನಾವು ಕಣ್ಣಾರೆ ಕಂಡೆವು. ಅದರ ಬೆಲೆ ತಿಳಿಯುವುದೇ ಆ ಸಂಖ್ಯೆ ಗೊತ್ತಿದ್ದರೆ. ಸೊನ್ನೆಯಿಂದಲೂ ಆಗುತ್ತದೆ, ನೂರರಿಂದಲೂ ಆಗುತ್ತದೆ ಎನ್ನುವವರಿಗೆ ಆ ರಾತ್ರಿಯೂ ಎಲ್ಲ ರಾತ್ರಿಗಳಂತೆ.

ಕೂಟಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದನ್ನು ಮಾಡಿ ನೋಡುವುದು ಕಷ್ಟವೇನಲ್ಲ. ಒಂದು ಹಾಳೆಯಲ್ಲಿ 32 ತಂಡ, ಪ್ರತಿಯೊಂದರ ಮುಂದೆ ಗೆಲುವಿನ ಅಂದಾಜು, ಪ್ಲೇಆಫ್ ಶೇಕಡಾ, ‘ಇದು ಕೆಟ್ಟರೆ ಯಾಕೆ’ ಎಂಬುದಕ್ಕೆ ಒಂದು ಸಾಲು. ನಿಯಮ ಎರಡೇ. ಗೆಲುವುಗಳ ಮೊತ್ತ 272 ಆಗಲೇಬೇಕು, ಏಕೆಂದರೆ ಇರುವುದು ಅಷ್ಟೇ ಪಂದ್ಯ. ಶೇಕಡಾಗಳ ಮೊತ್ತ 1400 ಆಗಲೇಬೇಕು, ಒಂದೊಂದು ಕಾನ್ಫರೆನ್ಸ್‌ಗೆ 700. ನೈನರ್ಸ್‌ಗೆ ಹತ್ತು ಹೆಚ್ಚು ಬರೆಯಬೇಕೆನ್ನಿಸಿದರೆ ಸೀಹಾಕ್ಸ್‌ನಿಂದಲೋ ರಾಮ್ಸ್‌ನಿಂದಲೋ ಹತ್ತು ಕಳೆಯಬೇಕು. ಕಳೆಯಲು ಕಾರಣ ಹುಡುಕುವಾಗಲೇ ಎದುರಾಳಿ ತಂಡದ ಬಗ್ಗೆ ಓದಬೇಕಾಗುತ್ತದೆ. 2026ರಲ್ಲಿ ನೈನರ್ಸ್‌ಗೆ ಸರದಿಯಲ್ಲಿ ಬರುವವರು ಎನ್‌ಎಫ್‌ಸಿ ಈಸ್ಟ್ ಮತ್ತು ಎಎಫ್‌ಸಿ ವೆಸ್ಟ್. ಎಎಫ್‌ಸಿ ವೆಸ್ಟ್‌ನಲ್ಲಿ 2025ರ ಸೀಸನ್‌ನಲ್ಲಿ 6–11 ಆಗಿದ್ದ ಚೀಫ್ಸ್ ಇದೆ. ಅದರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 2025ರ ಡಿಸೆಂಬರ್‌ನಲ್ಲಿ ಹರಿದುಕೊಂಡ ಎಸಿಎಲ್ ಎಷ್ಟು ವಾಸಿಯಾಗಿದೆ ಎಂಬುದನ್ನು ನೋಡದೆ ಆ 6–11ನ್ನೇ ಬಲವೆಂದು ಬರೆದರೆ ಲೆಕ್ಕ ಅಲ್ಲೇ ಕೆಡುತ್ತದೆ. ಹಾಳೆಯನ್ನು ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಮುಂಚೆ ಗುಂಪಿನಲ್ಲಿ ಹಾಕಿ, ಆಮೇಲೆ ತಿದ್ದಬಾರದು. ಜನವರಿಯಲ್ಲಿ ಬ್ರಯರ್ ಅಂಕ ತೆಗೆಯಬೇಕು. ಐಪಿಎಲ್‌ಗೂ ಅದೇ ಹಾಳೆ ಸಾಕು: 10 ತಂಡ, ಗೆಲುವುಗಳ ಮೊತ್ತ 70, ಶೇಕಡಾಗಳ ಮೊತ್ತ 400. ಮಳೆಯಿಂದ ಪಂದ್ಯ ರದ್ದಾದರೆ ಎರಡೂ ತಂಡಕ್ಕೆ ಅರ್ಧರ್ಧ ಗೆಲುವು ಬರೆದುಕೊಳ್ಳಿ. ಆರ್‌ಸಿಬಿಯ ಸಾಲಿನಲ್ಲಿ ಬರೆಯುವ ಸಂಖ್ಯೆ ಎಷ್ಟೇ ಇರಲಿ, ಹಾಳೆಯ ತಲೆಬರಹದಲ್ಲಿ ‘ಈ ಸಲ ಕಪ್ ನಮ್ದೆ’ ಎಂದು ಬರೆಯುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.